ಎರಡು ಸಲ ಹೇಳಿದ ‘ಇಲ್ಲ’

ಮೊದಲು ಹಳದಿ ಬಂತೋ, ಮೊದಲು ಮದ್ದು ಕುಡಿದಿರೋ? ಡಾಕ್ಟರಮ್ಮ ಕೇಳಿದ ಈ ಪ್ರಶ್ನೆಗೆ ನನ್ನಲ್ಲಿ ಇವತ್ತಿಗೂ ಉತ್ತರವಿಲ್ಲ. ಕಾಯಿಲೆ ವಾಸಿಯಾಗಿದೆ. ಮಾತ್ರೆಗಳು ಮುಗಿದಿವೆ. ಆಗಾಗ ಹೋಗಿ ರಕ್ತ ಕೊಟ್ಟು ಬರುತ್ತೇನೆ, ಅಷ್ಟೇ. ಉತ್ತರ ಸಿಕ್ಕ ಮೇಲೆ ಬರೆಯೋಣ ಎಂದು ಕಾದೆ. ಸಿಗುವುದಿಲ್ಲ ಎಂದು ಈಗ ಗೊತ್ತಾಗಿದೆ, ಹಾಗಾಗಿ ಅದಿಲ್ಲದೆಯೇ ಬರೆಯುತ್ತಿದ್ದೇನೆ. ಯಾವುದಾದರೂ ಆಸ್ಪತ್ರೆಯ ಬೆಂಚಿನ ಮೇಲೆ, ಡಾಕ್ಟರಿಗೆ ಹೇಳದ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು, ತಮ್ಮ ಹೆಸರು ಕೂಗುವುದನ್ನು ಕಾಯುತ್ತ ಕೂತವರು ಇದನ್ನು ಓದಬಹುದು. ಹಾಗೆ ಕೂತವಳು ನಾನೂ ಒಬ್ಬಳಿದ್ದೆ ಎಂದು ಅವರಿಗೆ ತಿಳಿದರೆ ಸಾಕು.

ಚಾಮರಾಜನಗರದಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ನನಗೆ ಕೆಲಸ. ಪ್ರತಿಯಿಂದ ಪ್ರತಿ, ಅದರಿಂದ ಇನ್ನೊಂದು ಪ್ರತಿ ತೆಗೆಯುತ್ತ ಹೋದರೆ ಕೆಲವು ಅಕ್ಷರ ದಪ್ಪವಾಗುತ್ತವೆ, ತೆಳು ಗೆರೆಗಳು ಅಳಿಸಿಯೇ ಹೋಗುತ್ತವೆ. ಈ ಕಥೆಯನ್ನು ನಾನು ಅಂಗಡಿಯಲ್ಲಿ, ಬಸ್ಸಿನಲ್ಲಿ, ನೆಂಟರ ಮನೆಗಳಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ಮೂಲ ಎಲ್ಲಿ ಹೋಯಿತೋ ತಿಳಿಯದು. ನನ್ನ ಗಂಡ ಶಿವಮಲ್ಲು ಇದನ್ನು ಓದಿ, ‘ಅದು ಹಂಗಲ್ಲ’ ಎಂದು ಮೂರು ಕಡೆ ಗೆರೆ ಎಳೆದಿದ್ದಾರೆ. ಆ ಜಾಗಗಳನ್ನು ತಿದ್ದಿಲ್ಲ. ಅವರು ಹೇಳಿದ್ದನ್ನೂ ಪಕ್ಕದಲ್ಲಿ ಇಟ್ಟಿದ್ದೇನೆ.

ಸಂಜೆಯಾದರೆ ಜ್ವರ. ಉಸಿರೆಳೆದರೆ ಎಡ ಪಕ್ಕೆಯಲ್ಲಿ ಚುಚ್ಚು. ಎಕ್ಸ್‌ರೇ ತೆಗೆಸಿದಾಗ ಎದೆಯಲ್ಲಿ ನೀರು ತುಂಬಿದೆ ಎಂದರು. ಸೂಜಿ ಹಾಕಿ ಒಂದಿಷ್ಟು ತೆಗೆದರು. ತಿಳಿ ಚಹಾದ ಬಣ್ಣದ ಆ ನೀರನ್ನು ನೋಡಿ, ಇಷ್ಟು ದಿನ ಇದನ್ನು ಹೊತ್ತುಕೊಂಡೇ ಬಾಂಡ್ ಪೇಪರುಗಳ ಪ್ರತಿ ತೆಗೆಯುತ್ತಿದ್ದೆನಲ್ಲ ಅನ್ನಿಸಿತು. ಟಿಬಿ.

“ಹೆದರಬ್ಯಾಡ್ರಿ. ಆರು ತಿಂಗಳ ಗುಳಿಗಿ. ಒಂದು ದಿನಾನೂ ಬಿಡದಂಗ ತಗೋರಿ, ಆರಾಮ ಆಗ್ತದ,” ಎಂದರು ಡಾಕ್ಟರಮ್ಮ. ಅವರು ಧಾರವಾಡದ ಕಡೆಯವರು, ಚಿಕ್ಕ ವಯಸ್ಸು. ಶಿವಮಲ್ಲು ಬಸ್ ಕಂಡಕ್ಟರ್. ಎಷ್ಟು ಗದ್ದಲದಲ್ಲೂ ಯಾರು ಟಿಕೆಟ್ ತೆಗೆದುಕೊಂಡಿಲ್ಲ ಎಂದು ಕಂಡುಹಿಡಿಯುವವರು, ಅಂದು ಒಂದೇ ಒಂದು ಮಾತು ಕೇಳಿದರು: “ಮನೇಲಿ ಹೇಳ್ಬೇಕಾ ಮೇಡಂ?”

ಮನೆಯಲ್ಲಿ ಹೇಳಿದೆವು. ಮನೆ ಅಂದರೆ ಅವರ ತಾಯಿ. ನಾನೂ ಅವ್ವ ಎಂದೇ ಕರೆಯುತ್ತೇನೆ. ಅವ್ವ ಅಳಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

“ಯಾರ ತಾವೂ ಬಾಯಿ ಬುಡ್ಬ್ಯಾಡಿ. ಹುಡುಗಿಗೆ ಗಂಡು ನೋಡ್ತಾವಿ. ಟಿಬಿ ಅಂದ್ರೆ ನೋಡಕ್ ಬಂದೋರು ಕಾಪಿನೂ ಕುಡೀದೆ ಎದ್ದೋಯ್ತರ.”

ಹುಡುಗಿ ಅಂದರೆ ನನ್ನ ನಾದಿನಿ. ಮಾತ್ರೆಗಳು ಶಾವಿಗೆ ಡಬ್ಬದೊಳಗೆ ಹೋದವು. ಆವತ್ತಿನಿಂದ ನಮ್ಮ ಮನೆಯಲ್ಲಿ ಯಾರಿಗೂ ಶಾವಿಗೆ ಬೇಡವಾಯಿತು.

ಆ ಮಾತ್ರೆ ನುಂಗಿದವರಿಗೆ ಗೊತ್ತು, ಮೂತ್ರ ಕೆಂಪಗೆ ಹೋಗುತ್ತದೆ. ಹೊಟ್ಟೆ ತೊಳೆಸುತ್ತದೆ. ಬೆಳಿಗ್ಗೆ ನುಂಗಿ, ಅದು ಒಳಗೆ ನಿಲ್ಲುವವರೆಗೆ ಗೋಡೆ ಹಿಡಿದು ನಿಲ್ಲುತ್ತಿದ್ದೆ. ಎರಡು ತಿಂಗಳು ಆಗುತ್ತ ಬಂತು. ಹರವೆಯಲ್ಲಿ ನಮ್ಮವರ ಜಮೀನಿನಲ್ಲಿ ಅರಿಶಿನ ಕಿತ್ತು ಬೇಯಿಸುವ ಕಾಲ. ನಾನು ಹೋಗದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ, ಕೇಳಿದರೆ ಹೇಳಬೇಕಾಗುತ್ತದೆ. ಹೋದೆ. ನೆರಳಲ್ಲಿ ಕೂತು ಗಡ್ಡೆಯಿಂದ ಕೊಂಬು ಮುರಿದು ಬೇರೆ ಮಾಡುವ ಕೆಲಸ ಕೊಟ್ಟರು. ನಾಲ್ಕು ದಿನ ಮಾಡಿದೆ. ಶಿವಮಲ್ಲು ಎರಡೇ ದಿನ ಎನ್ನುತ್ತಾರೆ. ಎಷ್ಟೇ ದಿನವಾಗಲಿ, ಅಂಗೈ, ಉಗುರು, ಉಗುರಿನ ಸಂದಿ ಎಲ್ಲ ಹಳದಿ. ಊರಿನ ಎಲ್ಲ ಹೆಂಗಸರ ಕೈಯೂ ಹಾಗೇ ಇತ್ತು.

ಅಲ್ಲಿಂದ ಅವ್ವನೂ ನಾನೂ ಗುಂಡ್ಲುಪೇಟೆಗೆ ಹೋಗಿ, ಬಸ್ ಬದಲಾಯಿಸಿ ಹಂಗಳಕ್ಕೆ ಬಂದೆವು. ಅಲ್ಲಿ ಗೌರತ್ತೆ ಇದ್ದಾಳೆ, ನನ್ನ ಅಪ್ಪನ ಅಕ್ಕ. ತಾಯಿಯಿಲ್ಲದ ನನ್ನನ್ನು ಹತ್ತು ವರ್ಷದವರೆಗೆ ಸಾಕಿದವಳು. ಮದುವೆಯ ಮಾತುಕತೆಗೆ ಅವಳನ್ನೂ ಕರೆಯಬೇಕಿತ್ತು.

ಗೌರತ್ತೆ ಕಾಮಾಲೆಗೆ ಮದ್ದು ಕೊಡುತ್ತಾಳೆ. ಕೊಡುತ್ತಿದ್ದಳು. ಅವಳ ಅತ್ತೆ ಸಾಯುವಾಗ ಆ ಸೊಪ್ಪಿನ ಹೆಸರನ್ನು ಇವಳ ಕಿವಿಯಲ್ಲಿ ಹೇಳಿ, ತಲೆಯ ಮೇಲೆ ಕೈಯಿಟ್ಟು ಹೋಗಿದ್ದರು. ಹೆಸರನ್ನು ಒಬ್ಬರು ಒಂದೇ ಸಲ ಹೇಳಬೇಕು. ಹೇಳಿದವರ ಕೈಯಿಂದ ಮದ್ದು ಹೋಗುತ್ತದೆ, ಆಮೇಲೆ ಅವರು ಕೊಟ್ಟರೆ ಅದು ಬರೀ ಸೊಪ್ಪು. ಬೆಳಗಿನ ಜಾವ ಯಾರ ಜೊತೆಗೂ ಮಾತಾಡದೆ ಕಾಡಂಚಿಗೆ ಹೋಗಿ ತಂದು, ಅರೆದು, ಹಾಲಿನಲ್ಲಿ ಕದಡಿ ಮೂರು ದಿನ ಕೊಡುತ್ತಿದ್ದಳು. ಕುಡಿದವರು ಏನು ಕುಡಿದೆವೆಂದು ಕೇಳಬಾರದು, ಹೊರಗೆ ಆಡಬಾರದು. ವೀಳ್ಯದೆಲೆ ಬಿಟ್ಟರೆ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಕೇರಳದ ಲಾರಿ ಡ್ರೈವರುಗಳೂ ಅವಳ ಜಗಲಿಯಲ್ಲಿ ಕಾದು ಕೂತದ್ದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ.

ಕಾಪಿ ಲೋಟ ಕೊಡುವಾಗ ಅವಳು ನನ್ನ ಕೈ ಹಿಡಿದಳು.

“ಉಗುರು ನೋಡಮ್ಮಿ! ಕಾಮಾಲೆ ಕಣ ಇದು.”

“ಅರಿಶ್ನ ಮುರ್ದಿದ್ದು ಕಣತ್ತೆ.”

“ಅರಿಶ್ನ ಕಾಣ್ದೋಳಾ ನಾನು? ಉಂಡಿದ್ದು ಒಟ್ಟೇಲಿ ನಿಲ್ತದಾ?”

“ನಿಲ್ಲಲ್ಲ.”

“ಉಚ್ಚೆ?”

“ಕೆಂಪ್ಗೆ ಓಯ್ತದ.”

“ನೋಡ್ದಾ! ನನ್ಗೇ ಅರಿಶ್ನದ ಕತೆ ಏಳ್ತಳ.” ಆಮೇಲೆ ಅವಳು ಬಂದವರನ್ನೆಲ್ಲ ಕೇಳುತ್ತಿದ್ದ ಪ್ರಶ್ನೆಯನ್ನು ಕೇಳಿದಳು. “ಇಂಗ್ಲಿಸ್ ಮಾತ್ರೆ ಯಾನಾರ ನುಂಗ್ತಿದ್ದಯ? ನುಂಗ್ತಿದ್ರೆ ಏಳ್ಬುಡು. ಎರಡೂ ಕೂಡ್ಬುಟ್ರೆ ಯಾವ್ದು ಯಾನ್ ಮಾಡ್ತದೋ ನಂಗೊತ್ತಾಗಕಿಲ್ಲ. ನಾ ಕೊಡಕಿಲ್ಲ.”

ಅವ್ವ ನನ್ನ ಎದುರಿಗೇ ಕೂತಿದ್ದರು. ಅವರು ನನ್ನನ್ನು ನೋಡಿದರು ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಬರೆಯಲು ಕೂತಾಗ ಮಾತ್ರ ಅನುಮಾನ. ಅವ್ವ ಬಹುಶಃ ಎಲೆಗೆ ಸುಣ್ಣ ಸವರುತ್ತಿದ್ದರು, ತಲೆಯೆತ್ತಿರಲೇ ಇಲ್ಲ.

“ಇಲ್ಲ,” ಎಂದೆ.

ಮೂರು ಬೆಳಿಗ್ಗೆ ಅವಳ ಮದ್ದು ಕುಡಿದೆ. ಕಹಿ, ಜಿಗುಟು, ಕೊನೆಗೊಂದು ಹಸಿ ಮಣ್ಣಿನ ರುಚಿ. ಕುಡಿದು ಬಚ್ಚಲಮನೆಗೆ ಹೋಗಿ, ಸೆರಗಿನ ತುದಿಯಲ್ಲಿ ಕಟ್ಟಿದ್ದ ಮಾತ್ರೆಗಳನ್ನು ಬೊಗಸೆ ನೀರಿನಲ್ಲಿ ನುಂಗಿದೆ. ಒಂದು ದಿನವೂ ಬಿಡಬೇಡಿ ಎಂದಿದ್ದರಲ್ಲ. ಇಬ್ಬರ ಮಾತನ್ನೂ ಮೀರಲಿಲ್ಲ ಎಂದು ಒಳಗೊಳಗೇ ಸಮಾಧಾನವಿತ್ತು.

ಒಂದು ವಾರವೋ ಹತ್ತು ದಿನವೋ ಕಳೆದಿರಬೇಕು. ಮೈಯೆಲ್ಲ ನವೆ. ಅಂಗಡಿಯಲ್ಲಿ ಸ್ಕೇಲಿನಿಂದ ಬೆನ್ನು ಕೆರೆದುಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಶಿವಮಲ್ಲು ಕೆಲಸಕ್ಕಿದ್ದ ಬಸ್ಸಿಗೇ ಹತ್ತಿದೆ. ಟಿಕೆಟ್ ಕೊಡುತ್ತ ನನ್ನ ಸೀಟಿನ ತನಕ ಬಂದವರು ಹಾಗೇ ನಿಂತರು.

“ಕಣ್ಣು ನೋಡ್ಕೊಂಡ್ಯಾ?”

“ಯಾಕ?”

ಅವರು ವಿಸಿಲ್ ಬಾಯಿಗಿಟ್ಟುಕೊಂಡು ಊದಿದರು. ಬಸ್ಸು ದೊಡ್ಡಾಸ್ಪತ್ರೆಯ ಎದುರು, ಸ್ಟಾಪೇ ಅಲ್ಲದ ಜಾಗದಲ್ಲಿ ನಿಂತಿತು.

ಡಾಕ್ಟರಮ್ಮ ಟಿಬಿ ಮಾತ್ರೆಗಳನ್ನೆಲ್ಲ ಅಲ್ಲಿಯೇ ನಿಲ್ಲಿಸಿದರು, ವಾರ್ಡಿಗೆ ಸೇರಿಸಿದರು. ಈ ಮಾತ್ರೆಗಳು ಕೆಲವರ ಲಿವರಿಗೆ ಆಗುವುದಿಲ್ಲವಂತೆ. ನಿಲ್ಲಿಸಿದರೆ ಹಳದಿ ಇಳಿಯಬೇಕು, ನೋಡೋಣ ಎಂದರು. ಆಮೇಲೆ ಕಾಗದದಿಂದ ತಲೆಯೆತ್ತದೆ ಕೇಳಿದರು:

“ನಾಟಿ ಔಷಧ ಏನರ ತಗೊಂಡೀರೇನ್ರಿ?”

“ಇಲ್ಲ.”

ಯಾಕೆ ಹಾಗೆಂದೆ? ಮದ್ದಿನ ವಿಷಯ ಹೊರಗೆ ಆಡಬಾರದು ಎಂಬ ಭಯ. ಗೌರತ್ತೆಯನ್ನು ಯಾರೂ ಬಯ್ಯಬಾರದು ಎಂಬ ಆಸೆ. ಓದಿದ ಹೆಂಗಸಾಗಿ ಹೀಗೆ ಮಾಡಿದಿರಾ ಎಂದಾರು ಎಂಬ ನಾಚಿಕೆ. ಹೀಗೆ ಮೂರು ಕಾರಣ ಹೇಳಬಲ್ಲೆ. ಮೂರನ್ನೂ ನಾನು ಆಮೇಲೆ ಕಂಡುಕೊಂಡದ್ದು. ಆ ಗಳಿಗೆಯಲ್ಲಿ ಬಾಯಿಂದ ಬಂದದ್ದು ‘ಇಲ್ಲ’, ಅಷ್ಟೇ. ಮದ್ದಿನ ವಿಷಯ ತಿಳಿದಿದ್ದ ಶಿವಮಲ್ಲು ಪಕ್ಕದಲ್ಲಿದ್ದರು. ಟಿಕೆಟ್ ಮೆಷೀನಿನ ಗುಂಡಿಯನ್ನು ಸುಮ್ಮನೆ ಒತ್ತುತ್ತಿದ್ದರು.

ವಾರ್ಡಿನಲ್ಲಿ ದಿನವೆಂದರೆ ಎರಡು ಸಂಗತಿ. ಬೆಳಿಗ್ಗೆ ರಕ್ತ ತೆಗೆಯುವುದು, ಮಧ್ಯಾಹ್ನ ಲಿವರ್ ಎಷ್ಟು ಕೆಟ್ಟಿದೆ ಎಂಬ ಅಂಕಿ ಬರುವುದು. ಇವೆರಡರ ನಡುವೆ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಪಕ್ಕದ ಹಾಸಿಗೆಯಲ್ಲಿ ಗುಂಡ್ಲುಪೇಟೆಯ ನಸೀಮಾ ಇದ್ದಳು. ಅವಳಿಗೆ ಪಿತ್ತಕೋಶದ ಕಲ್ಲು, ಗಂಡ ಟೈಲರ್. ಅವನ ಜೊತೆ ಉರ್ದುವಿನಲ್ಲಿ ಜಗಳ, ನನ್ನ ಜೊತೆ ಕನ್ನಡದಲ್ಲಿ ನಗು.

“ಅಕ್ಕ, ಇವತ್ತು ನಿಮ್ ಸೀರೆಗೂ ಮುಖಕ್ಕೂ ಮ್ಯಾಚಿಂಗ್ ಆಗೋಗದೆ ನೋಡಿ.”

ನಾನು ನಕ್ಕೆ. ನಕ್ಕರೆ ಪಕ್ಕೆ ನೋಯುತ್ತಿತ್ತು. ನವೆ ಹೆಚ್ಚಾದಾಗ ಅವಳೇ ಎದ್ದು ಬಂದು, ಗಂಡನ ಅಂಗಡಿಯಿಂದ ತಂದ ಹತ್ತಿ ಬಟ್ಟೆಯ ತುಂಡನ್ನು ಒದ್ದೆ ಮಾಡಿ ನನ್ನ ಬೆನ್ನ ಮೇಲೆ ಹರಡುತ್ತಿದ್ದಳು. ಔಷಧಿಯಲ್ಲ, ಏನಲ್ಲ. ಅದು ಒಣಗುವ ತನಕ ನಾನು ಮನುಷ್ಯಳಾಗಿರುತ್ತಿದ್ದೆ.

ಮಾತ್ರೆ ನಿಲ್ಲಿಸಿದ್ದರೂ ಅಂಕಿ ಇಳಿಯಲಿಲ್ಲ. ಮರುದಿನ ಏರಿತು. ಅದರ ಮರುದಿನ ಇನ್ನೂ ಏರಿತು. ಇತ್ತ ಮಾತ್ರೆಯಿಲ್ಲದೆ ಎದೆಯೊಳಗಿನ ಕಾಯಿಲೆ ಏನು ಮಾಡುತ್ತಿದೆಯೋ ಯಾರಿಗೂ ತಿಳಿಯದು. ಮತ್ತೆ ಕೊಟ್ಟರೆ ಲಿವರ್, ಕೊಡದಿದ್ದರೆ ಟಿಬಿ. ನಾನು ಹಗಲಲ್ಲೂ ತೂಕಡಿಸತೊಡಗಿದೆ. ಡಾಕ್ಟರಮ್ಮ ನನ್ನ ಎರಡೂ ಕೈಗಳನ್ನು ಮುಂದೆ ಚಾಚಿಸಿ ನಡುಗುತ್ತವೆಯೇ ಎಂದು ನೋಡುತ್ತಿದ್ದರು. ಇವತ್ತು ಯಾವ ವಾರ ಎಂದು ಕೇಳುತ್ತಿದ್ದರು, ಲಿವರ್ ತೀರಾ ಕೆಟ್ಟರೆ ಬುದ್ಧಿಯೂ ಮಂಕಾಗುತ್ತದಂತೆ. ಒಂದು ದಿನ ನನಗೆ ವಾರ ಹೊಳೆಯಲಿಲ್ಲ. ಅವರ ಮುಖ ಬದಲಾದದ್ದು ಮಾತ್ರ ಕಂಡಿತು. ಮೈಸೂರಿಗೆ ಕಳಿಸಬೇಕಾಗಬಹುದು ಎಂದು ಹೊರಗೆ ಯಾರೋ ಹೇಳುತ್ತಿದ್ದರು.

ಗುಟ್ಟು ಬಿಟ್ಟದ್ದು ಆವತ್ತು. ಯಾರು ಬಿಟ್ಟರು ಎಂಬುದರಲ್ಲಿ ಒಮ್ಮತವಿಲ್ಲ. ತಾವೇ ಹೇಳಿದ್ದು ಎನ್ನುತ್ತಾರೆ ಶಿವಮಲ್ಲು. “ಅವರೆಲ್ಲಿ ಹೇಳಿದ್ರು? ಹೇಳ್ಬುಡಿ ಅಣ್ಣ, ಹೇಳ್ಬುಡಿ ಅಂತ ನಾನು ಕಿರುಚಿದ ಮೇಲೆ ತಾನೇ?” ಎನ್ನುತ್ತಾಳೆ ನಮ್ಮಿಬ್ಬರ ಪಿಸುಮಾತು ಕೇಳಿಸಿಕೊಂಡಿದ್ದ ನಸೀಮಾ. ನಾನೇ ಹೇಳಿದೆ ಎಂದು ನನಗೆ ನೆನಪು. ವಾರ ಹೊಳೆಯದವಳ ನೆನಪನ್ನು ಎಷ್ಟು ನಂಬುವುದು?

ಡಾಕ್ಟರಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು. ಕುರ್ಚಿ ಎಳೆದುಕೊಂಡು ಕೂತರು.

“ಎರಡೂ ಕೂಡಿದ್ರ ಯಾವುದು ಏನ್ ಮಾಡ್ತದ ಅಂತ ನಮಗೂ ಗೊತ್ತಾಗಂಗಿಲ್ರಿ. ಮೊದಲು ಹಳದಿ ಬಂತೋ, ಮೊದಲು ಮದ್ದು ಕುಡಿದ್ರೋ?”

ನಾನು ಉಗುರು ನೋಡಿಕೊಂಡೆ. ಈಗ ಅವು ನಿಜವಾಗಿಯೂ ಹಳದಿ. ಆಗ? ಅದು ಅರಿಶಿನವೇ ಆಗಿದ್ದರೆ, ಇಲ್ಲದ ಕಾಮಾಲೆಗೆ ಗೌರತ್ತೆ ಮದ್ದು ಕೊಟ್ಟಳು, ಮದ್ದೇ ಕೆಡಿಸಿರಬಹುದು. ಅರಿಶಿನದ ಅಡಿಯಲ್ಲಿ ಕಾಮಾಲೆ ಆಗಲೇ ಇದ್ದಿದ್ದರೆ, ಕೆಡಿಸಿದ್ದು ಮಾತ್ರೆ, ಅವಳ ಕಣ್ಣು ಎಲ್ಲರಿಗಿಂತ ಮುಂಚೆ ಅದನ್ನು ಕಂಡಿತ್ತು. ಹರವೆಯಲ್ಲಿ ಯಾರೂ ನನ್ನ ಕಣ್ಣು ನೋಡಿರಲಿಲ್ಲ. ಕೈಯನ್ನಷ್ಟೇ ನೋಡಿದ್ದರು, ಅದೂ ತಮ್ಮ ಕೈಯಂತೆಯೇ ಇದೆ ಎಂದು.

“ಸೊಪ್ಪಿನ ಹೆಸರರ ಬೇಕು. ಅವರನ್ನ ಕರಸ್ರಿ,” ಎಂದರು ಡಾಕ್ಟರಮ್ಮ.

ಮರುದಿನ ಗೌರತ್ತೆ ಬಂದಳು. ಶಿವಮಲ್ಲು ಫೋನಿನಲ್ಲಿ ಎಲ್ಲವನ್ನೂ ಹೇಳಿದ್ದರು. ಹಾಸಿಗೆಯ ಪಕ್ಕ ನಿಂತು, ನನ್ನ ರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಗೆಳೆದು ನೋಡಿದಳು. ಕೈ ತೆಗೆದಳು.

“ನಾ ಕೇಳ್ನಿಲ್ವಾ ಅಮ್ಮಿ? ಬಾಯ್ಬುಟ್ಟು ಕೇಳ್ನಿಲ್ವಾ?”

ಅವ್ವ ಕಿಟಕಿಯ ಕಡೆ ತಿರುಗಿದರು. ಅವರ ಭುಜ ಅಲ್ಲಾಡುತ್ತಿತ್ತು. “ನಾನೇಯ ಬ್ಯಾಡ ಅಂದಿದ್ದು ಕಣ್ರೀ ಅತ್ಗೆ. ಅವಳ್ನ ಬೈಬ್ಯಾಡಿ.” ಕಾಯಿಲೆ ಶುರುವಾದಾಗಿನಿಂದ ಅವ್ವ ಅತ್ತದ್ದನ್ನು ನಾನು ನೋಡಿದ್ದು ಆಗಲೇ.

ಡಾಕ್ಟರಮ್ಮ ಬಂದರು.

“ಅಜ್ಜಿ, ಸೊಪ್ಪಿನ ಹೆಸರು ಹೇಳ್ರಿ.”

“ಏಳಂಗಿಲ್ಲ ಕಣವ್ವ. ಏಳುದ್ರೆ ಕೈ ಬುಟ್ಟೋಯ್ತದ.”

“ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ.”

“ನೀ ಬುಟ್ರೂ ಅಷ್ಟೇಯ, ಬುಡ್ದಿದ್ರೂ ಅಷ್ಟೇಯ. ನನ್ ಬಾಯಿಂದ ಈಚ್ಗೆ ಬಂದ್ರೆ ಓಯ್ತು.”

“ಈಕಿ ಜೀವದ ಮಾತು ಇದು.”

“ನಾಳ ನನ್ ಬಾಗ್ಲಿಗೆ ಬರೋರ್ದು ಜೀವ ಅಲ್ವಾ?”

ನನ್ನ ಹಾಸಿಗೆಯ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ನಡುವೆ ನಾನು ಹೊದಿಕೆಯ ಅಂಚಿನ ದಾರ ಎಳೆಯುತ್ತಿದ್ದೆ. ಹೇಳು ಅತ್ತೆ ಎನ್ನಲು ನನಗೆ ಬಾಯಿರಲಿಲ್ಲ. ಬೇಡ ಎನ್ನಲು ಧೈರ್ಯವಿರಲಿಲ್ಲ.

ಗೌರತ್ತೆ ಹೊರಗೆ ಹೋಗಿ ಕಾರಿಡಾರಿನ ಬೆಂಚಿನ ಮೇಲೆ ಕೂತಳು. ಬಾಗಿಲಿನಿಂದ ಅವಳ ಬೆನ್ನಷ್ಟೇ ಕಾಣುತ್ತಿತ್ತು. ಅವಳು ಅಲ್ಲಿ ಇಡೀ ಮಧ್ಯಾಹ್ನ ಕೂತಿದ್ದಳು ಎಂದು ನನ್ನ ಲೆಕ್ಕ. ಅರ್ಧ ಗಂಟೆ ಎಂದು ಶಿವಮಲ್ಲು. ತನಗೆ ಹಾಕಿದ್ದ ಡ್ರಿಪ್ ಬಾಟಲಿ ಅಷ್ಟರಲ್ಲಿ ಮುಗಿದಿತ್ತು ಎಂದು ನಸೀಮಾ. ಆಮೇಲೆ ಗೌರತ್ತೆ ಎದ್ದು, ರೌಂಡ್ಸಿನಲ್ಲಿದ್ದ ಡಾಕ್ಟರಮ್ಮನ ಕೋಟು ಹಿಡಿದಳು.

“ಬಗ್ಗು.”

ಡಾಕ್ಟರಮ್ಮ ಬಗ್ಗಿದರು. ಸ್ಟೆತಾಸ್ಕೋಪ್ ಜೋಲಾಡುತ್ತಿತ್ತು, ಗೌರತ್ತೆ ಅದನ್ನು ಪಕ್ಕಕ್ಕೆ ಸರಿಸಿ ಕಿವಿಯಲ್ಲಿ ಹೇಳಿದಳು. ಆಮೇಲೆ ಅವರ ತಲೆಯ ಮೇಲೆ ಕೈಯಿಟ್ಟಳು.

“ಇನ್ ಮ್ಯಾಕೆ ನೀನೇಯ ಕಣವ್ವ. ಕೊಡಕ್ ಮುಂಚೆ ಕೇಳು. ಕೇಳದ್ನ ಬುಡ್ಬ್ಯಾಡ.”

ಡಾಕ್ಟರಮ್ಮನಿಗೆ ಅದು ಪೂರ್ತಿ ಅರ್ಥವಾಯಿತೋ ಇಲ್ಲವೋ. “ಹೂಂ ಅಜ್ಜಿ,” ಎಂದರು. ಫೈಲಿನಲ್ಲಿ ಬರೆದುಕೊಂಡರು. ಅವರಿಗೆ ಪರಿಚಯವಿದ್ದ ಆಯುರ್ವೇದದ ವೈದ್ಯೆಯೊಬ್ಬರಿಗೆ ಫೋನ್ ಮಾಡಿದರು. ಸಂಜೆ ಆ ವೈದ್ಯೆ ಬಂದು ಕಿಟಕಿಯ ಬಳಿ ನಿಂತು ಬಹಳ ಹೊತ್ತು ಮಾತಾಡಿದರು. ನಾನು ಅವರ ತುಟಿಗಳನ್ನೇ ನೋಡುತ್ತಿದ್ದೆ. ಕೊನೆಗೆ ಇಬ್ಬರೂ ತಲೆಯಾಡಿಸಿದರು. ಆಮೇಲೆ ಡಾಕ್ಟರಮ್ಮ ನಮಗೆ ಹೇಳಿದ್ದು ಇಷ್ಟು: ಆ ಸೊಪ್ಪು ಕಾಮಾಲೆಗೆ ಕೊಡುವುದುಂಟು. ಅದೊಂದೇ ಆದರೆ ಸಾಮಾನ್ಯವಾಗಿ ತೊಂದರೆ ಕಂಡಿಲ್ಲ. ಈ ಮಾತ್ರೆಗಳ ಜೊತೆ ಹೊಟ್ಟೆಗೆ ಹೋದರೆ ಹೇಗೋ ಹೇಳಲಾಗದು. ಮಾತ್ರೆಯೇ ಕಾರಣವಿರಬಹುದು, ಸೊಪ್ಪೇ ಇರಬಹುದು, ಎರಡೂ ಇರಬಹುದು. ಏನೇ ಇದ್ದರೂ ಮಾಡಬೇಕಾದದ್ದು ಈಗ ಮಾಡುತ್ತಿರುವುದೇ, ಕಾಯುವುದು.

ಇದನ್ನು ಗೌರತ್ತೆಗೆ ಹೇಳಬೇಡಿ ಎಂದು ಶಿವಮಲ್ಲುವಿನ ಕೈ ಹಿಡಿದು ಕೇಳಿಕೊಂಡೆ. ಅಷ್ಟಾದರೂ ನನಗೆ ಬುದ್ಧಿ ಬಂದಿರಲಿಲ್ಲ, ಮತ್ತೆ ಮುಚ್ಚಿಡಲು ಹೊರಟಿದ್ದೆ. ಅವರು ಹೋಗಿ ಹೇಳಿದರು. ಅವಳು “ಅಂಗಾ?” ಎಂದು, ಚೀಲದಿಂದ ಎಲೆ ತೆಗೆದು ಮಡಚಿ, ಬಾಯಿಗಿಡದೆ ಮತ್ತೆ ಚೀಲಕ್ಕೆ ಹಾಕಿದಳಂತೆ.

ಎರಡು ದಿನ ಬಿಟ್ಟು ಅಂಕಿ ನಿಂತಿತು. ಆಮೇಲೆ ಇಳಿಯಿತು. ಯಾಕೆ ಏರಿತೋ ತಿಳಿಯದ ಹಾಗೆಯೇ ಯಾಕೆ ಇಳಿಯಿತೋ ತಿಳಿಯಲಿಲ್ಲ. ಅಂಕಿ ಒಂದು ಮಟ್ಟಕ್ಕೆ ಇಳಿದ ಮೇಲೆ ಟಿಬಿ ಮಾತ್ರೆಗಳನ್ನು ಒಂದೊಂದಾಗಿ, ದಿನ ಬಿಟ್ಟು, ರಕ್ತ ನೋಡಿ, ಮತ್ತೆ ಕೊಟ್ಟರು. ಪ್ರತಿ ಹೊಸ ಮಾತ್ರೆಯ ಮರುದಿನ ಕನ್ನಡಿ ಹಿಡಿದು ಬೆಳಕಿನ ಕಡೆ ಕಣ್ಣರಳಿಸಿ ನಿಲ್ಲುತ್ತಿದ್ದೆ. ಆರು ತಿಂಗಳೆಂದದ್ದು ಇನ್ನೂ ಉದ್ದವಾಯಿತು. ಮುಗಿಯಿತು. ನಾದಿನಿಯ ಮದುವೆಯೂ ಆಯಿತು. ಅವಳ ಗಂಡನ ಮನೆಯವರಿಗೆ ನನ್ನ ವಿಷಯ ಗೊತ್ತಾದಾಗ, “ನಮ್ಮ ಚಿಕ್ಕಪ್ಪನೂ ಅದೇ ಮಾತ್ರೆ ನುಂಗಿದ್ರು, ನಿಮ್ಗೆ ಹೇಳಿರ್ನಿಲ್ಲ,” ಎಂದರು.

ಡಾಕ್ಟರಮ್ಮನಿಗೆ ತಮ್ಮ ಕಡೆಗೇ ವರ್ಗವಾಯಿತು. ನನ್ನ ಫೈಲನ್ನು ನಾನೇ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಟ್ಟುಕೊಂಡಿದ್ದೇನೆ. ಸೊಪ್ಪಿನ ಹೆಸರು ಇರಬೇಕಾದ ಜಾಗದಲ್ಲಿ ಅವರ ಗೀಚು. ಹಾಳೆಯ ತುಂಬ ಬರುವ ಹಾಗೆ ದೊಡ್ಡದು ಮಾಡಿ ತೆಗೆದು ನೋಡಿದೆ. ಗೀಚು ದೊಡ್ಡದಾಯಿತು, ಹೆಸರು ಕಾಣಲಿಲ್ಲ.

ಹೋದ ತಿಂಗಳು ಹಂಗಳಕ್ಕೆ ಹೋಗಿದ್ದೆ. ಗೌರತ್ತೆಯ ಜೊತೆ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಬೈಕಿನಲ್ಲಿ ಒಬ್ಬಾತ ಬಂದ, ನಲವತ್ತರ ಆಸುಪಾಸು. ಹೆಲ್ಮೆಟ್ ತೆಗೆದಾಗ ಕಣ್ಣು ಕಂಡಿತು. ಹಳದಿ.

“ಅತ್ತೆ, ಕಾಮಾಲೆ ಮದ್ದಿಗೆ ಬಂದಿವ್ನಿ. ಕುದೇರಿಂದ.”

ಗೌರತ್ತೆಯ ಬಾಯಿಂದ ಹಳೇ ರೂಢಿಯಲ್ಲಿ ಪ್ರಶ್ನೆ ಬಂದುಬಿಟ್ಟಿತು. “ಇಂಗ್ಲಿಸ್ ಮಾತ್ರೆ ಯಾನಾರ ನುಂಗ್ತಿದ್ದಯ?”

“ಇಲ್ಲ,” ಎಂದ.

ತಕ್ಷಣ. ಯೋಚನೆಯಿಲ್ಲದೆ. ಅವನ ಅಂಗಿಯ ಜೇಬಿನಲ್ಲಿ ಮಾತ್ರೆ ಹಾಳೆಯ ಮೂಲೆ ಮಿನುಗಿತು ಎಂದು ಬರೆಯಲು ಕೈ ಓಡುತ್ತಿದೆ. ಮಿನುಗಿದ್ದು ಸಿಗರೇಟ್ ಪ್ಯಾಕಿನ ಕಾಗದವೂ ಆಗಿರಬಹುದು. ನನಗೆ ಗೊತ್ತಿರುವುದು ಆ ‘ಇಲ್ಲ’ದ ಧ್ವನಿ ಮಾತ್ರ. ಅದು ನನ್ನದೇ.

“ಅಣ್ಣ, ನಿಜ ಹೇಳಿ. ಏನಾದ್ರೂ ತಗೋತಿದ್ರೆ ದೊಡ್ಡಾಸ್ಪತ್ರೇಲಿ ಹೇಳಿ. ನಾನು ಹಿಂಗೇ...” ಎಂದು ಶುರುಮಾಡಿದೆ.

ಅವನು ನನ್ನ ಕಡೆ ನೋಡಲಿಲ್ಲ. “ನೀವ್ ಏಳಿ ಅತ್ತೆ, ಯಾವತ್ತು ಬರ್ಲಿ?”

“ನನ್ ತಾವು ಮದ್ದಿಲ್ಲ ಕಣಪ್ಪ. ಕೈ ಬುಟ್ಟೋಗದ. ದೊಡ್ಡಾಸ್ಪತ್ರೆಗೆ ಓಗು.”

“ಅಂಗನ್ಬ್ಯಾಡಿ ಅತ್ತೆ.”

“ಇಲ್ಲ ಕಣಪ್ಪ.”

ಅವನು ಹೆಲ್ಮೆಟ್ ಹಾಕಿಕೊಂಡ. ಬೈಕು ಗುಂಡ್ಲುಪೇಟೆಯ ಕಡೆಗೆ ತಿರುಗಲಿಲ್ಲ, ಊರೊಳಗಿಂದ ಆ ಕಡೆಯ ಹಳ್ಳಿಗಳಿಗೆ ಹೋಗುವ ಮಣ್ಣು ದಾರಿ ಹಿಡಿಯಿತು. ನಾನು ಎದ್ದು ನಿಂತಿದ್ದೆ. ಮಡಿಲಿನಲ್ಲಿದ್ದ ಅವರೆಕಾಳು ಜಗಲಿಯ ಮೇಲೆಲ್ಲ ಚೆಲ್ಲಿತ್ತು.

“ಎಲ್ಲಿಗೆ ಓಯ್ತಾನ ಅತ್ತೆ ಅವ್ನು?”

“ಇನ್ಯಾರಾರ ತಾವು ಓಯ್ತನ.” ಗೌರತ್ತೆ ಬಗ್ಗಿ ಒಂದೊಂದೇ ಕಾಳು ಆರಿಸತೊಡಗಿದಳು. “ಕೊಡೋರು ಬೇಕಾದಷ್ಟು ಜನ ಅವ್ರೆ. ಕೇಳ್ತರೋ ಇಲ್ವೋ.”